ಕಂಪನಿ ಹೊರರಾಜ್ಯದ್ದಾದರೆ ಕೇಸು ಹಾಕಲು ಅಲ್ಲಿಗೇ ಹೋಗಬೇಕೇ?

‘ಮಿಕ್ಸಿ ಸಿಡಿದು ಕೈಗೆ ಗಾಯವಾದರೂ ಏನೂ ಮಾಡುವಂತಿಲ್ಲ, ಕಂಪನಿ ಇರುವ ಊರಿನ ಕೋರ್ಟಿಗೇ ಅಲೆಯಬೇಕು’ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ಈಗ ನಿಜವಲ್ಲ. ಹಾಗಂತ ಪೂರ್ತಿ ಕಟ್ಟುಕಥೆಯೂ ಅಲ್ಲ. ಹೆಚ್ಚುಕಡಿಮೆ ಇದೇ ವಾದವನ್ನು ಫೋರ್ಡ್ ಕಂಪನಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಯ್ದಿತ್ತು. ಮೊದಲು ಅದನ್ನೇ ನೋಡೋಣ.

ಮೊಂಟಾನಾ ರಾಜ್ಯದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರಿನ ಹಿಂದಿನ ಟೈರಿನ ಮೇಲ್ಪದರ ಕಿತ್ತುಬಂದು, ಕಾರು ಓಡಿಸುತ್ತಿದ್ದ ಮಹಿಳೆ ಸತ್ತರು. ಮಿನ್ನೆಸೋಟದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೆ ಒಬ್ಬರ ಮಿದುಳಿಗೆ ಪೆಟ್ಟಾಯಿತು ಎಂಬ ಇನ್ನೊಂದು ಕೇಸು. ಫೋರ್ಡ್ ಹೇಳಿದ್ದಿಷ್ಟು: ನಮ್ಮ ಮುಖ್ಯ ಕಚೇರಿ ಮಿಷಿಗನ್‌ನಲ್ಲಿದೆ. ಈ ಎರಡು ಕಾರುಗಳನ್ನು ನಾವು ಈ ರಾಜ್ಯಗಳಲ್ಲಿ ತಯಾರಿಸಿಲ್ಲ, ಮಾರಿಯೂ ಇಲ್ಲ. ಆಮೇಲೆ ಯಾರೋ ಇಲ್ಲಿಗೆ ತಂದಿದ್ದಾರೆ, ಅಷ್ಟೆ.

2021ರ ಮಾರ್ಚ್‌ನಲ್ಲಿ, ಕೇಸು ಕೇಳಿದ ಎಂಟೂ ನ್ಯಾಯಮೂರ್ತಿಗಳು ಈ ವಾದವನ್ನು ತಳ್ಳಿಹಾಕಿದರು. ಅದೇ ಮಾದರಿಯ ಕಾರುಗಳಿಗೆ ಒಂದು ರಾಜ್ಯದಲ್ಲಿ ಜಾಹೀರಾತು ಕೊಟ್ಟು, ಮಾರಿ, ಡೀಲರುಗಳ ಮೂಲಕ ರಿಪೇರಿಯನ್ನೂ ಮಾಡಿಸಿ ದುಡ್ಡು ಮಾಡುವ ಕಂಪನಿ, ಅಲ್ಲಿಯವರಿಗೆ ಅಲ್ಲೇ ಆದ ಅನಾಹುತಕ್ಕೆ ಅಲ್ಲಿಯ ಕೋರ್ಟಿನಲ್ಲೇ ಉತ್ತರ ಕೊಡಬೇಕು ಎಂದರು. ತಪ್ಪು ಫೋರ್ಡ್‌ನದೇ ಎಂದು ಅವರು ಹೇಳಲಿಲ್ಲ. ವಿಚಾರಣೆ ಎಲ್ಲಿ ಎಂಬುದಷ್ಟೇ ಇತ್ಯರ್ಥವಾಯಿತು.

ಎಲ್ಲರನ್ನೂ ಎಲ್ಲಿಗೆ ಬೇಕಾದರೂ ಎಳೆಯಬಹುದು ಅಂತಲ್ಲ. ನ್ಯೂಯಾರ್ಕ್‌ನಲ್ಲಿ ಕೊಂಡ ಆಡಿ ಕಾರು ಒಕ್ಲಹೋಮದಲ್ಲಿ ಅಪಘಾತಕ್ಕೀಡಾದಾಗ, ನ್ಯೂಯಾರ್ಕ್‌ನ ಡೀಲರು ಅಷ್ಟು ದೂರ ಬರಬೇಕಿಲ್ಲ ಎಂದು ಇದೇ ಕೋರ್ಟು 1980ರಲ್ಲಿ ಹೇಳಿತ್ತು. ಆತ ಒಕ್ಲಹೋಮದಲ್ಲಿ ವ್ಯಾಪಾರವನ್ನೇ ಮಾಡುತ್ತಿರಲಿಲ್ಲ. ನಮಗೂ ಅದು ಸರಿ ಎನಿಸುತ್ತದೆ.

ಇನ್ನು ನಮ್ಮ ಮಿಕ್ಸಿಗೆ ಬರೋಣ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕಂಪನಿ ಅಥವಾ ಅದರ ಶಾಖೆ ಇರುವ ಕಡೆ, ಇಲ್ಲವೇ ದೂರಿಗೆ ಕಾರಣವಾದ ಘಟನೆ ನಡೆದ ಕಡೆ ದೂರು ಕೊಡಬೇಕಿತ್ತು. ಆ ಹಳೆಯ ಮಾತಿನ ಬೇರು ಇಲ್ಲಿದ್ದೀತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೂ ದೂರು ಕೊಡಬಹುದು. ಕಂಪನಿ ಗುರುಗ್ರಾಮದ್ದಾದರೂ ಗದಗದವರಿಗೆ ಗದಗವೇ ಸಾಕು. ದೋಷವಿರುವ ವಸ್ತುವಿನಿಂದಾದ ಗಾಯಕ್ಕೆ ತಯಾರಕರಿಂದ ಪರಿಹಾರ ಕೇಳಲು ಇದೇ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ.

ದೂರು ಕೊಡಲು ಎರಡು ವರ್ಷ ಸಮಯವಿದೆ. ಬಿಲ್ಲು, ಆಸ್ಪತ್ರೆಯ ಚೀಟಿಗಳ ಜೊತೆಗೆ ಸಿಡಿದ ಮಿಕ್ಸಿಯನ್ನೂ ಎತ್ತಿಡಿ. ‘ಹೊಸದು ಕೊಡ್ತೀವಿ, ಹಳೇದು ಕೊಡಿ’ ಎಂದು ಯಾರಾದರೂ ಬಂದರೆ ಸ್ವಲ್ಪ ಯೋಚಿಸಿ: ನಿಮ್ಮ ಮುಖ್ಯ ಸಾಕ್ಷಿ ಅದೇ.