ಸೋಲನ್ನೂ ಬರೆದಿಡುವ ಶಾಯಿ

1949ರ ಬೇಸಿಗೆ. ನ್ಯೂಯಾರ್ಕ್ ನಗರಕ್ಕೆ ಹತ್ತಿರದ ರಾಕ್‌ವಿಲ್ ಸೆಂಟರ್ ಎಂಬ ಊರಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳಿಗೆ ಅವಳ ತಂದೆ ಕೆಂಪು ರಟ್ಟಿನ ಪುಸ್ತಕವೊಂದನ್ನು ತಂದುಕೊಟ್ಟರು. ತೆರೆದರೆ ಪುಟದ ತುಂಬ ಚಿಕ್ಕ ಚಿಕ್ಕ ಚೌಕಗಳು. ಅದು ಬೇಸ್‌ಬಾಲ್ ಆಟದ ಸ್ಕೋರು ಬರೆಯುವ ಪುಸ್ತಕ. ತಂದೆ ಕೆಲಸಕ್ಕೆ ಹೋದ ಮೇಲೆ ಮಗಳು ಮಧ್ಯಾಹ್ನ ರೇಡಿಯೋ ಮುಂದೆ ಕುಳಿತು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಆಟದ ವೀಕ್ಷಕ ವಿವರಣೆ ಕೇಳಬೇಕು. ಪ್ರತಿಯೊಬ್ಬ ದಾಂಡಿಗನಿಗೆ ಏನಾಯಿತೆಂಬುದನ್ನು ಅವನ ಚೌಕದಲ್ಲಿ ಗುರುತು ಹಾಕಬೇಕು. ಸಂಜೆ ತಂದೆ ಮನೆಗೆ ಬಂದಾಗ ಪುಸ್ತಕ ತೆರೆದು ಇಡೀ ಆಟವನ್ನು ಒಪ್ಪಿಸಬೇಕು.

ತಾನು ಹೇಳದಿದ್ದರೆ ಅಪ್ಪನಿಗೆ ಆಟದ ಸುದ್ದಿಯೇ ತಿಳಿಯುವುದಿಲ್ಲ ಎಂದು ಆ ಹುಡುಗಿ ನಂಬಿದ್ದಳು. ಪತ್ರಿಕೆಗಳಲ್ಲಿ ಎಲ್ಲ ಅಂಕಿಗಳೂ ಅಚ್ಚಾಗುತ್ತವೆ ಎಂಬ ಗುಟ್ಟನ್ನು ಆ ಪುಣ್ಯಾತ್ಮ ಬಿಟ್ಟುಕೊಟ್ಟಿರಲಿಲ್ಲ! ಹುಡುಗಿಯ ಹೆಸರು ಡೋರಿಸ್ ಕರ್ನ್ಸ್. ಮುಂದೆ ಡೋರಿಸ್ ಕರ್ನ್ಸ್ ಗುಡ್‌ವಿನ್ ಎಂದು ಪ್ರಸಿದ್ಧರಾದ ಇತಿಹಾಸಕಾರ್ತಿ, 1995ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಕತೆ ಹೇಳುವುದನ್ನು ತಾವು ಕಲಿತದ್ದು ಆ ಸ್ಕೋರುಪುಸ್ತಕದಿಂದಲೇ ಎಂಬುದನ್ನು 1997ರ ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಒಂದು ತಂಡದ ಮೇಲಿನ ಭಕ್ತಿ, ಪೆನ್ನು ಕಾಗದಗಳ ಮೇಲಿನ ಮೋಹ - ಎರಡೂ ಒಬ್ಬರಲ್ಲೇ ಕಂಡುಬಂದರೆ ನಮಗೆ ಸ್ವಲ್ಪ ವಿಚಿತ್ರವೆನಿಸೀತು. ಒಂದು ಗದ್ದಲದ ಹುಚ್ಚು, ಇನ್ನೊಂದು ಮೌನದ್ದು. ಆದರೆ ಬೇಸ್‌ಬಾಲಿನಲ್ಲಿ ಇವೆರಡೂ ಆ ಪುಟ್ಟ ಚೌಕದೊಳಗೆ ಬಹಳ ಹಿಂದೆಯೇ ಸಂಧಿಸಿವೆ.

ಚೌಕದ ಲಿಪಿಗೆ ಒಂದು ರೂಪ ಕೊಟ್ಟವನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ 1824ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕೆಗೆ ಹೋದವನು. ಕ್ರಿಕೆಟ್ ವರದಿಗಾರನಾಗಿದ್ದ ಈತ 1856ರಲ್ಲಿ ಕ್ರಿಕೆಟ್ ಪಂದ್ಯವೊಂದರಿಂದ ಹಿಂದಿರುಗುವಾಗ ದಾರಿಯಲ್ಲಿ ಬೇಸ್‌ಬಾಲ್ ಆಟ ಕಂಡು ಮನಸೋತ. ಅಲ್ಲಿಂದ ಮುಂದೆ ಕ್ರಿಕೆಟಿನ ಸ್ಕೋರುಪಟ್ಟಿಯ ಶಿಸ್ತನ್ನೇ ಹೊಸ ಆಟಕ್ಕೆ ತಂದ. ಆದ್ದರಿಂದ ನಮ್ಮ ಓದುಗರಿಗೆ ಈ ಲಿಪಿ ದೂರದ ನೆಂಟನೇ ಹೊರತು ಅಪರಿಚಿತನಲ್ಲ. ದಾಂಡಿಗ ಮೂರು ಸಲ ತಪ್ಪಿ ಔಟಾದರೆ ಇಂಗ್ಲಿಷಿನ 'ಕೆ' ಅಕ್ಷರ ಬರೆಯುವುದು ಚಾಡ್ವಿಕ್ ಹಾಕಿಕೊಟ್ಟ ಸಂಪ್ರದಾಯ. 'ಎಸ್' ಅಕ್ಷರ ಬೇರೊಂದಕ್ಕೆ ಮುಡಿಪಾಗಿದ್ದುದರಿಂದ 'ಸ್ಟ್ರಕ್' ಎಂಬ ಪದದ ಕೊನೆಯ ಅಕ್ಷರವನ್ನು ಹಿಡಿದ. ದಾಂಡು ಬೀಸದೆ ಸುಮ್ಮನೆ ನಿಂತೇ ಔಟಾದವನಿಗೆ ಅದೇ ಅಕ್ಷರ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಅವಮಾನವನ್ನು ಇದಕ್ಕಿಂತ ಚುಟುಕಾಗಿ ಬರೆಯುವುದು ಕಷ್ಟ.

ಕ್ಷೇತ್ರರಕ್ಷಕರಿಗೆ ಹೆಸರಿಲ್ಲ, ಅಂಕಿ ಮಾತ್ರ. ನಮ್ಮ ಬೌಲರಿನ ಸ್ಥಾನದ ಪಿಚರ್ 1, ವಿಕೆಟ್ ಕೀಪರಿನಂತಿರುವ ಕ್ಯಾಚರ್ 2, ಹೀಗೆ ಒಂಬತ್ತರವರೆಗೆ. ದೂರದ ಗಡಿ ಕಾಯುವವರು 7, 8, 9. '6-4-3' ಎಂದು ಬರೆದಿದ್ದರೆ, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಂತವನು ಚೆಂಡು ಹಿಡಿದು ಎರಡನೆಯ ಬೇಸ್‌ಗೆ ಎಸೆದ, ಅಲ್ಲಿದ್ದವನು ಅದನ್ನು ಮೊದಲ ಬೇಸ್‌ಗೆ ದಾಟಿಸಿದ, ಒಂದೇ ಹೊಡೆತಕ್ಕೆ ಇಬ್ಬರು ಔಟ್ ಎಂದು ಅರ್ಥ. ಬಲ್ಲವರಿಗೆ ಆ ಮೂರು ಅಂಕಿಗಳಲ್ಲಿ ಕಾಲ ಸಪ್ಪಳವೂ ಕೇಳಿಸೀತು. ಯಾಂಕೀಸ್ ತಂಡದ ಮಾಜಿ ಆಟಗಾರ, ವೀಕ್ಷಕ ವಿವರಣೆಗಾರ ಫಿಲ್ ರಿಜೂಟೊ ತನ್ನ ಹಾಳೆಯಲ್ಲಿ ಸ್ವಂತದ್ದೊಂದು ಗುರುತು ಬಳಸುತ್ತಿದ್ದ: 'ಡಬ್ಲ್ಯು ಡಬ್ಲ್ಯು'. ಅಂದರೆ, ನಾನು ಆ ಹೊತ್ತು ಆಟ ನೋಡುತ್ತಿರಲಿಲ್ಲ!

ಇನ್ನು ಬರೆಯುವುದು ಯಾವುದರಿಂದ? ಬುದ್ಧಿವಂತರ ಸಲಹೆ ಪೆನ್ಸಿಲ್. ಒಳ್ಳೆಯ ಹೊಡೆತವೆಂದು ಬರೆದದ್ದನ್ನು ಅಧಿಕೃತ ಸ್ಕೋರರ್ ಆಮೇಲೆ ಕ್ಷೇತ್ರರಕ್ಷಕನ ತಪ್ಪೆಂದು ಬದಲಿಸಬಹುದು, ಅಳಿಸಲು ಬರಬೇಕು. ಶಾಯಿ ಪೆನ್ನಿನ ಮೋಹಿಗಳಿಗೆ ಈ ಸಲಹೆ ರುಚಿಸುವುದಿಲ್ಲ. ಅವರ ಕಷ್ಟಗಳು ಬೇರೆಯೇ. ಬೆರಳ ಉಗುರಿನಷ್ಟು ಚೌಕದಲ್ಲಿ ಮೂರು ಅಂಕಿ ಹಿಡಿಯಬೇಕಾದರೆ ನಿಬ್ಬು ಬಹು ಸಪೂರವಾಗಿರಬೇಕು. ಕಾಗದ ಬಿಗಿಯಾಗಿರಬೇಕು. ಅಗ್ಗದ ಕಾಗದದ ಎಳೆಗಳು ಶಾಯಿಯನ್ನು ಹೀರಿ 3 ಯಾವುದು, 8 ಯಾವುದು ತಿಳಿಯದಂತೆ ಮಾಡುತ್ತವೆ. ಒದ್ದೆ ಶಾಯಿಯ ಮೇಲೆ ಅಂಗೈ ಒರೆಸಿದರೆ ಇಡೀ ಇನಿಂಗ್ಸೇ ಮಾಯ. ಬಯಲಿನಲ್ಲಿ ಕುಳಿತಾಗ ಮಳೆ ಬಂದರಂತೂ ಕೇಳುವುದೇ ಬೇಡ. ಇಷ್ಟಾದರೂ ಶಾಯಿಗೆ ಒಂದು ನಿಷ್ಠುರತೆ ಇದೆ. ತನ್ನ ತಂಡದ ಸೋಲನ್ನು ಶಾಯಿಯಲ್ಲಿ ಬರೆದವನು ಅದನ್ನು ಅಳಿಸಲಾರ, ಹೆಚ್ಚೆಂದರೆ ಹೊಡೆದುಹಾಕಬಹುದು. ಆಕಾಶವಾಣಿಯ ಕ್ರಿಕೆಟ್ ವಿವರಣೆ ಕೇಳುತ್ತ ಶಾಲೆಯ ನೋಟುಪುಸ್ತಕದ ಹಿಂಬದಿಯಲ್ಲಿ ಸ್ಕೋರು ಗೀಚಿ, ಬೆರಳಿಗೆ ಮಸಿ ಮಾಡಿಕೊಂಡಿದ್ದವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

ಆ ಮಸಿಯ ಕಾಲ ಮುಗಿಯತೊಡಗಿದ್ದಕ್ಕೂ ಬ್ರೂಕ್ಲಿನ್ ತಂಡಕ್ಕೂ ಪಂಚಾಂಗದಲ್ಲಿ ಒಂದು ನಂಟಿದೆ. 1945ರ ಅಕ್ಟೋಬರ್ 23ರಂದು ಜಾಕಿ ರಾಬಿನ್‌ಸನ್ ಡಾಡ್ಜರ್ಸ್‌ನ ಅಧೀನದ ಮಾಂಟ್ರಿಯಲ್ ತಂಡದ ಒಪ್ಪಂದಕ್ಕೆ ಸಹಿ ಹಾಕಿದ. ಕರಿಯ ಆಟಗಾರರನ್ನು ಹೊರಗಿಟ್ಟಿದ್ದ ದಶಕಗಳ ಗೋಡೆ ಅಲ್ಲಿಂದ ಬಿರುಕುಬಿಟ್ಟಿತು, 1947ರ ಏಪ್ರಿಲ್ 15ರಂದು ಆತ ಬ್ರೂಕ್ಲಿನ್ ಪರವಾಗಿ ಕಣಕ್ಕಿಳಿದ. ಒಪ್ಪಂದದ ಸಹಿಯಾದ ಆರೇ ದಿನಕ್ಕೆ, ಅಕ್ಟೋಬರ್ 29ರಂದು, ನ್ಯೂಯಾರ್ಕಿನ ಗಿಂಬೆಲ್ಸ್ ಅಂಗಡಿಯಲ್ಲಿ ರೆನಾಲ್ಡ್ಸ್ ಬಾಲ್‌ಪೆನ್ ಮಾರಾಟಕ್ಕೆ ಬಂತು. ಬೆಲೆ ಹನ್ನೆರಡೂವರೆ ಡಾಲರ್, ಅಂದಿನ ಲೆಕ್ಕಕ್ಕೆ ಬಲು ದುಬಾರಿ. ಆದರೂ ಜನ ಮುಗಿಬಿದ್ದು ಕೊಂಡರು. ವಾಟರ್‌ಮನ್, ಪಾರ್ಕರ್‌ಗಳ ಶಾಯಿ ಪೆನ್ನು ಮೆಲ್ಲಗೆ ಜೇಬಿನಿಂದ ಮೇಜಿನ ಖಾನೆಗೆ ಸರಿಯಿತು.

ಈ ಬದಲಾವಣೆ ಹಸ್ತಾಕ್ಷರ ಸಂಗ್ರಾಹಕರಿಗೆ ದೊಡ್ಡ ಉಪಕಾರ ಮಾಡಿದೆ. ಆಟಗಾರರಿಂದ ಚೆಂಡಿನ ಮೇಲೆ ಸಹಿ ಪಡೆಯುವುದು ಅಮೆರಿಕದ ಹಳೆಯ ಚಟ. ಲೂ ಗೆಹ್ರಿಗ್ 1941ರಲ್ಲಿ ತೀರಿಕೊಂಡ. ಅವನ ಹೆಸರು ಬಾಲ್‌ಪೆನ್ನಿನಲ್ಲಿದ್ದರೆ ಜಾಣ ಸಂಗ್ರಾಹಕ ಚೆಂಡನ್ನು ಕೆಳಗಿಡುತ್ತಾನೆ. 1948ರಲ್ಲಿ ಸತ್ತ ಬೇಬ್ ರೂತ್‌ನ ಸಹಿ ಸ್ಕೆಚ್ ಪೆನ್ನಿನಲ್ಲಿದ್ದರೂ ಅದೇ ಮಾತು. ಹಾಗೆಂದು ಶಾಯಿಯೊಂದನ್ನೇ ನಂಬಿ ಕೂರುವಂತಿಲ್ಲ. ಕಳೆದ ಶತಮಾನದ ಕೊನೆಯಲ್ಲಿ ಎಫ್.ಬಿ.ಐ. ನಡೆಸಿದ 'ಆಪರೇಷನ್ ಬುಲ್‌ಪೆನ್' ಎಂಬ ಕಾರ್ಯಾಚರಣೆಯಲ್ಲಿ ನಕಲಿ ಸಹಿಗಳ ರಾಶಿಯೇ ಸಿಕ್ಕಿತು. ಅದರಲ್ಲಿ ಮದರ್ ತೆರೇಸಾ ಸಹಿಯ ಬೇಸ್‌ಬಾಲ್ ಕೂಡ ಇತ್ತು! ಕಲ್ಕತ್ತೆಯ ಆ ತಾಯಿ ಬೇಸ್‌ಬಾಲ್ ಚೆಂಡಿಗೆ ಯಾಕೆ ಸಹಿ ಹಾಕಿಯಾರೆಂದು ಕೊಳ್ಳುವವರಿಗೆ ಅನಿಸದೆ ಹೋದದ್ದೇ ಆಶ್ಚರ್ಯ.

ಸ್ಕೋರುಪುಸ್ತಕಕ್ಕೆ ಇಂಥ ಪೇಟೆ ಬೆಲೆ ಇಲ್ಲ. ಅದನ್ನು ನಕಲು ಮಾಡುವವರೂ ಇಲ್ಲ. ಬರೆದವರ ಮನೆಯಲ್ಲಷ್ಟೇ ಅದಕ್ಕೆ ಬೆಲೆ. ಬ್ರೂಕ್ಲಿನ್ ಅಭಿಮಾನಿಗಳ ಪುಸ್ತಕಗಳಲ್ಲಿ ಇದ್ದದ್ದಾದರೂ ಏನು? 1941, 1947, 1949, 1952, 1953 - ಈ ಐದು ವರ್ಷ ತಂಡ ವರ್ಲ್ಡ್ ಸೀರೀಸ್ ತಲುಪಿ, ಐದೂ ಸಲ ಅದೇ ಯಾಂಕೀಸ್‌ಗೆ ಸೋತಿತು. ಮುಂದಿನ ವರ್ಷ ನೋಡೋಣ ಎಂಬುದು ಆ ಊರಿನ ಗಾದೆಯೇ ಆಗಿಹೋಗಿತ್ತು. 1955ರಲ್ಲಿ ಆ ಮುಂದಿನ ವರ್ಷ ಬಂತು, ಯಾಂಕೀಸರನ್ನೇ ಸೋಲಿಸಿದರು. ಎರಡೇ ವರ್ಷಕ್ಕೆ ಮಾಲೀಕರು ತಂಡವನ್ನು ಲಾಸ್ ಏಂಜಲೀಸ್‌ಗೆ ಒಯ್ಯಲು ಹೊರಟರು. ಗೆದ್ದರೂ ಸೋತರೂ ಬಿಡದೆ ಬರೆದವರನ್ನು ಯಾರೂ ಕೇಳಲಿಲ್ಲ.

ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಕೊನೆಯ ಆಟ ನಡೆದದ್ದು 1957ರ ಸೆಪ್ಟೆಂಬರ್ 24ರ ರಾತ್ರಿ, ಪಿಟ್ಸ್‌ಬರ್ಗ್ ಪೈರೇಟ್ಸ್ ವಿರುದ್ಧ. ಬಂದಿದ್ದವರು 6,702 ಮಂದಿ. ಡ್ಯಾನಿ ಮೆಕ್‌ಡೆವಿಟ್ ಎಂಬ ಪಿಚರ್ ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ, ಬ್ರೂಕ್ಲಿನ್ 2-0ಯಿಂದ ಗೆದ್ದಿತು. ಅಂದು ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕೂತವರು ಪಿಟ್ಸ್‌ಬರ್ಗ್‌ನ ಸಾಲಿನಲ್ಲಿ ಒಂದರ ಪಕ್ಕ ಒಂದರಂತೆ ಒಂಬತ್ತು ಸೊನ್ನೆ ಸುತ್ತಿ, ಪೆನ್ನಿನ ಮುಚ್ಚಳ ಹಾಕಿ, ಮನೆಗೆ ನಡೆದರು.