ಜಾತ್ರೆಗೆ ಮುನ್ನ ಒಂದಾಟ

ಜರ್ಮನಿಯ ಎಸೆನ್ ನಗರದಲ್ಲಿ 1983ರಲ್ಲಿ ಆರಂಭವಾದ ಮಣೆಯಾಟಗಳ ಮೇಳ ಇಂದು ಲಕ್ಷಕ್ಕೂ ಮೀರಿ ಜನರನ್ನು ಸೆಳೆಯುತ್ತದೆ. ಅಮೆರಿಕದ ‘ಜೆನ್ ಕಾನ್’ ಇನ್ನೂ ಹಳೆಯದು. ಅದು ಮೊದಲು ನಡೆದದ್ದು 1968ರಲ್ಲಿ. ಇಂಥ ಮೇಳಗಳಿಗೆ ಹೊರಟ ಗೆಳೆಯರು ಮುನ್ನಾದಿನದ ಸಂಜೆ ಒಂದೆಡೆ ಕಲೆತು ಹಗುರವಾದ ಆಟಗಳನ್ನು ಆಡುವುದುಂಟು. ಐದು ನಿಮಿಷದಲ್ಲಿ ಕಲಿತು ಅರ್ಧ ತಾಸಿನಲ್ಲಿ ಮುಗಿಸುವ, ಸೋತರೆ ಮುಖ ಬಾಡದ ಆಟಗಳವು. ಅಪರಿಚಿತರ ನಡುವಣ ಬಿಗುವು ಕಳೆಯಲು ಅವು ಸಾಕು.

ಇದನ್ನು ನಗರದ ಹೊಸ ಹವ್ಯಾಸವೆಂದು ಭಾವಿಸಬೇಕಾಗಿಲ್ಲ. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯನ್ನೇ ನೋಡಿ. ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲಿನ ಊರುಗಳಿಂದ ಭಕ್ತರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಮೃತ ಮಹಲ್ ತಳಿಯ ರಾಸುಗಳಿಗಾಗಿ 1929ರಲ್ಲಿ ಸಂವರ್ಧನಾ ಕೇಂದ್ರ ತೆರೆದ ಅಜ್ಜಂಪುರದ ಸೀಮೆ ಇದು. ಎತ್ತಿನ ಮೇಲಿನ ಅಭಿಮಾನ ಇಲ್ಲಿ ಸಹಜ. ಜಾತ್ರೆ ಎಂದರೆ ಕೇವಲ ಉತ್ಸವವಲ್ಲ, ಕಾಯುವಿಕೆಯೂ ಹೌದು. ನೆಂಟರಿಗಾಗಿ, ಗಾಡಿಗಾಗಿ, ತೇರಿಗಾಗಿ ಕಾಯಬೇಕು. ನಮ್ಮ ಹಳ್ಳಿಗಳ ಜಗಲಿ, ಅರಳಿಕಟ್ಟೆಗಳಲ್ಲಿ ಚೌಕಾಬಾರ, ಅಳಿಗುಳಿಮಣೆ, ಹುಲಿ-ಕುರಿ ಆಟಗಳು ಬೆಳೆದದ್ದು ಇಂಥ ಬಿಡುವಿನ ಹೊತ್ತಿನಲ್ಲಿಯೇ.

ಇವುಗಳಿಗೆ ತಗಲುವ ಖರ್ಚಾದರೂ ಏನು? ಒಂದು ಸೀಮೆಸುಣ್ಣದ ಚೂರು, ನಾಲ್ಕು ಕವಡೆ, ಹಿಡಿ ಹುಣಸೆಬೀಜ. ಚೌಕಾಬಾರದ ಮಣೆಯಲ್ಲಿ ಇಪ್ಪತ್ತೈದು ಮನೆಗಳು: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ ಒಂದು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕವಡೆಯ ಎರಡೂ ಮಗ್ಗುಲು ಸಮವಾಗಿ ಬೀಳುವುದೆಂದುಕೊಂಡರೆ ಹದಿನಾರು ಸಾಧ್ಯತೆಗಳಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ. ಚೌಕ, ಬಾರಗಳು ತಲಾ ಒಂದೇ ಬಗೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ಲೆಕ್ಕವನ್ನು ಅನುಭವದಿಂದ ಬಲ್ಲವಳು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮ ಬಹಳ ಕಡೆ ಇದೆ. ಆದ್ದರಿಂದ ಇದು ಬರೀ ಅದೃಷ್ಟದ ಆಟವಲ್ಲ; ಯಾವ ಕಾಯಿ ನಡೆಸಬೇಕೆಂಬ ವಿವೇಚನೆಯೂ ಬೇಕು.

ಅರಮನೆಯೂ ಈ ಆಟಗಳನ್ನು ಕೀಳಾಗಿ ಕಾಣಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಸ್ವತಃ ಹಲವು ಮಣೆಯಾಟಗಳನ್ನು ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳಿಗೂ ಸ್ಥಾನವಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಈ ಪರಂಪರೆಯನ್ನು ಜನರ ಮುಂದಿರಿಸಿದೆ.

ಆಟ ಎಂಬ ಪದಕ್ಕೆ ಇಂದು ಬೇರೆಯೇ ಅರ್ಥ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ನಿಷೇಧ ಅಗತ್ಯವೇ ಇರಬಹುದು. ಆದರೆ ಕಾನೂನು ಕೆಟ್ಟ ಆಟವನ್ನು ನಿಲ್ಲಿಸಬಲ್ಲದೇ ಹೊರತು ಒಳ್ಳೆಯ ಆಟವನ್ನು ಕಲಿಸಲಾರದು. ತೆರವಾದ ಜಾಗವನ್ನು ತುಂಬುವವರು ಯಾರು?

ಹಾಗೆಂದು ಹಳೆಯದೆಲ್ಲವೂ ಚಿನ್ನವೆಂದು ಹಾಡಬೇಕಾಗಿಲ್ಲ. ಎಲ್ಲರೂ ಎಲ್ಲ ಕಟ್ಟೆಗಳಲ್ಲಿ ಕುಳಿತು ಆಡುವಂತಿರಲಿಲ್ಲ. ಜಾತಿಯ ಗೆರೆ ಚೌಕಾಬಾರದ ಗೆರೆಗಿಂತ ಗಾಢವಾಗಿತ್ತು. ಹೆಂಗಸರ ಆಟ ಬಹುಮಟ್ಟಿಗೆ ಒಳಮನೆಯಲ್ಲೇ ಉಳಿಯಿತು. ಪಂದ್ಯ ಕಟ್ಟುವ ಚಟವೂ ಹೊಸತಲ್ಲ. ರಾಜ್ಯವನ್ನೇ ಪಗಡೆಗೆ ಒಡ್ಡಿದ ಧರ್ಮರಾಯನ ಕಥೆ ನಮ್ಮದೇ. ಆದ್ದರಿಂದ ಉಳಿಸಿಕೊಳ್ಳಬೇಕಾದದ್ದು ಆಟವನ್ನು. ಅಳಿಸಬೇಕಾದದ್ದು ಆ ಗೆರೆಯನ್ನು ಮತ್ತು ಪಣವನ್ನು.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ಎಲ್ಲರಿಗೂ ತೆರೆದ ಒಂದು ಚಾಪೆ ಇರಲಿ. ಜಾತ್ರೆಯ ಹಿಂದಿನ ಸಂಜೆಗಳಲ್ಲಿ ಊರಿನ ಹಿರಿಯರು ಮಕ್ಕಳಿಗೆ ಆಟ ಹೇಳಿಕೊಡಲಿ. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ತಾವು ಕಲಿತ ಹೊಸ ಆಟಗಳನ್ನು ಅವರಿಗೆ ಕಲಿಸಲಿ. ಪರದೆಯ ಮೇಲಿನ ಎದುರಾಳಿಗೆ ಮುಖವಿಲ್ಲ. ಚಾಪೆಯ ಮೇಲೆ ಸೋತವನ ಮುಖ ಕಣ್ಣೆದುರೇ ಇರುತ್ತದೆ. ಗೆದ್ದವನು ಅತಿಯಾಗಿ ಬೀಗುವಂತಿಲ್ಲ. ನಾಳೆ ಇಬ್ಬರೂ ಒಂದೇ ಗಾಡಿಯಲ್ಲಿ ಜಾತ್ರೆಗೆ ಹೋಗಬೇಕಲ್ಲ.