ಜಲಪಾತದ ನೀರು ಹಾಲಿನಂತೆ ಕಾಣುವ ಫೋಟೋ ನಕಲಿಯೇ? ಎನ್‌ಡಿ ಫಿಲ್ಟರ್ ಮಾಡುವ ಕೆಲಸ ಮತ್ತು ಅದನ್ನು ಆರಿಸುವ ಲೆಕ್ಕ

ಮಳೆಗಾಲ ಶುರುವಾಯಿತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮಲೆನಾಡಿನ ಜಲಪಾತಗಳದ್ದೇ ಸುಗ್ಗಿ. ಶೃಂಗೇರಿ ತಾಲ್ಲೂಕಿನ ಕಿಗ್ಗದ ಹತ್ತಿರ ಇರುವ ಸಿರಿಮನೆ ಜಲಪಾತದ ಫೋಟೋ ನಿಮಗೂ ಬಂದಿರಬಹುದು. ಕಪ್ಪು ಬಂಡೆಯ ಮೇಲೆ ಬಿಳಿ ರೇಷ್ಮೆ ಹಾಸಿದಂತೆ ನೀರು. ಒಂದು ಹನಿಯೂ ಬೇರೆಯಾಗಿ ಕಾಣುವುದಿಲ್ಲ.

ಇಂಥ ಫೋಟೋಗಳ ಕೆಳಗೆ ಎರಡು ಬಗೆಯ ಮಾತು ಇರುತ್ತದೆ. ಒಂದು, "ಹಾಲಿನ ಹೊಳೆ ನೋಡಿ, ಈ ಭಾನುವಾರವೇ ಹೊರಡಿ" ಎನ್ನುವುದು. ಇನ್ನೊಂದು, "ಇದೆಲ್ಲ ಎಡಿಟಿಂಗ್, ನಂಬಬೇಡಿ" ಎನ್ನುವುದು. ಯಾವುದು ಸರಿ?

ಚುಟುಕಾಗಿ ಹೇಳುವುದಾದರೆ: ಫೋಟೋ ನಕಲಿ ಆಗಿರಲೇಬೇಕಿಲ್ಲ. ಕ್ಯಾಮೆರಾದ ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಹರಿಯುವ ನೀರು ಹೀಗೇ ದಾಖಲಾಗುತ್ತದೆ. ಆದರೆ ಸ್ಥಳಕ್ಕೆ ಹೋದವರ ಕಣ್ಣಿಗೆ ನೀರು ಹೀಗೆ ಕಾಣುವುದಿಲ್ಲ. ಫೋಟೋದಲ್ಲಿ ಮೆತ್ತಗೆ ಕಂಡ ನೀರು ಎದುರಿಗೆ ಮೆತ್ತಗಿರುವುದೂ ಇಲ್ಲ.

ನೀರು ಹಾಲಾಗುವುದು ಹೇಗೆ?

ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನೀರು ಹರಿಯುತ್ತಿದೆ ಎಂದುಕೊಳ್ಳಿ. ಶಟರ್ 1/500 ಸೆಕೆಂಡ್ ಮಾತ್ರ ತೆರೆದರೆ ಅಷ್ಟರಲ್ಲಿ ನೀರು ಸಾಗುವುದು ಕೇವಲ 4 ಮಿಲಿಮೀಟರ್. ಹನಿಗಳು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತವೆ. ಅದೇ ಶಟರ್ 1 ಸೆಕೆಂಡ್ ತೆರೆದಿದ್ದರೆ ನೀರು 2 ಮೀಟರ್ ಸಾಗಿರುತ್ತದೆ. ಒಂದೊಂದು ಹನಿಯೂ ಒಂದು ಬಿಳಿ ಗೆರೆಯಾಗುತ್ತದೆ, ಸಾವಿರಾರು ಗೆರೆಗಳು ಒಂದರ ಮೇಲೊಂದು ಬಿದ್ದು ಹಾಲಿನ ಪರದೆಯಾಗುತ್ತದೆ. ಬಂಡೆ ಅಲುಗಾಡುವುದಿಲ್ಲ, ಆದ್ದರಿಂದ ಅದು ಸ್ಪಷ್ಟವಾಗಿಯೇ ಉಳಿಯುತ್ತದೆ. ಇದನ್ನು ಲಾಂಗ್ ಎಕ್ಸ್‌ಪೋಶರ್ ಎನ್ನುತ್ತಾರೆ.

ಇಲ್ಲೊಂದು ತೊಡಕಿದೆ. ಶಟರ್ ಹೆಚ್ಚು ಹೊತ್ತು ತೆರೆದರೆ ಬೆಳಕೂ ಹೆಚ್ಚು ಒಳಗೆ ಬರುತ್ತದೆ. ಹಗಲಿನಲ್ಲಿ 1 ಸೆಕೆಂಡ್ ತೆರೆದಿಟ್ಟರೆ ಇಡೀ ಫೋಟೋ ಬೆಳ್ಳಗೆ ಬೆಳಗಿ ಹಾಳಾಗುತ್ತದೆ. ಐಎಸ್‌ಒ ತಗ್ಗಿಸಬಹುದು, ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬಹುದು. ಅದಕ್ಕೂ ಮಿತಿಯಿದೆ. ಕಿಂಡಿಯನ್ನು ಎಫ್/22ರಷ್ಟು ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ ಚಿತ್ರದ ಮೊನಚು ಕಡಿಮೆಯಾಗುತ್ತದೆ.

ಆಗ ಬೇಕಾಗುವುದೇ ಎನ್‌ಡಿ ಫಿಲ್ಟರ್, ಅಂದರೆ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್. ಇದು ಲೆನ್ಸಿನ ಮುಂದೆ ಹಾಕುವ ಬೂದು ಬಣ್ಣದ ಗಾಜು. ಕೆಂಪು, ಹಸಿರು, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬೆಳಕನ್ನೂ ಸಮನಾಗಿ ತಗ್ಗಿಸಬೇಕು, ಅಷ್ಟೇ ಇದರ ಕೆಲಸ. ನೀರನ್ನು ಹಾಲು ಮಾಡುವ ಮಾಯೆ ಗಾಜಿನಲ್ಲಿಲ್ಲ. ಅದು ಸಮಯದ ಕೆಲಸ, ಗಾಜು ಆ ಸಮಯವನ್ನು ಒದಗಿಸುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆ ಓದುವುದು ಹೇಗೆ?

ಫೋಟೋಗ್ರಫಿಯಲ್ಲಿ ಬೆಳಕನ್ನು 'ಸ್ಟಾಪ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ, ಎರಡು ತಗ್ಗಿಸಿದರೆ ಕಾಲು ಭಾಗ, ಮೂರು ತಗ್ಗಿಸಿದರೆ ಎಂಟನೇ ಒಂದು ಭಾಗ.

ಕಂಪನಿಗಳು ಇದನ್ನೇ ಎರಡು ರೀತಿಯಲ್ಲಿ ಬರೆಯುತ್ತವೆ:

• ಎನ್‌ಡಿ8 ಅಥವಾ ಎನ್‌ಡಿ 0.9: 3 ಸ್ಟಾಪ್
• ಎನ್‌ಡಿ64 ಅಥವಾ ಎನ್‌ಡಿ 1.8: 6 ಸ್ಟಾಪ್
• ಎನ್‌ಡಿ1000 ಅಥವಾ ಎನ್‌ಡಿ 3.0: 10 ಸ್ಟಾಪ್

ಹೊಸಬರು ಎಡವುವುದು ಇಲ್ಲಿಯೇ. 'ಎನ್‌ಡಿ 3.0' ಎಂದರೆ 3 ಸ್ಟಾಪ್ ಅಲ್ಲ, 10 ಸ್ಟಾಪ್. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವ ಮುನ್ನ ಸ್ಟಾಪ್ ಎಷ್ಟೆಂದು ಖಚಿತಪಡಿಸಿಕೊಳ್ಳಿ.

ಲೆಕ್ಕ ಸುಲಭ. ಫಿಲ್ಟರ್ ಇಲ್ಲದೆ ಸರಿಯಾದ ಫೋಟೋಗೆ ಬೇಕಾದ ಶಟರ್ ಸಮಯವನ್ನು ಎನ್‌ಡಿ ಸಂಖ್ಯೆಯಿಂದ ಗುಣಿಸಿದರೆ ಹೊಸ ಸಮಯ ಸಿಗುತ್ತದೆ. 1/60 ಸೆಕೆಂಡ್ ಇದ್ದದ್ದು ಎನ್‌ಡಿ8ರಲ್ಲಿ ಸುಮಾರು 1/8 ಸೆಕೆಂಡ್, ಎನ್‌ಡಿ64ರಲ್ಲಿ ಸುಮಾರು 1 ಸೆಕೆಂಡ್, ಎನ್‌ಡಿ1000ದಲ್ಲಿ ಸುಮಾರು 16 ಸೆಕೆಂಡ್ ಆಗುತ್ತದೆ.

ಹೆಚ್ಚು ಕಪ್ಪಾದ ಫಿಲ್ಟರ್ ಹೆಚ್ಚು ಒಳ್ಳೆಯದೇ?

ಅಲ್ಲ. ನೀವು ಎಲ್ಲಿ, ಯಾವ ಬೆಳಕಿನಲ್ಲಿ, ಏನನ್ನು ತೆಗೆಯುತ್ತೀರಿ ಎಂಬುದೇ ಮುಖ್ಯ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲೇ ಮೂರು ಬೇರೆ ಬೇರೆ ಸಂದರ್ಭ ನೋಡೋಣ.

ಮೊದಲನೆಯದು, ಮಳೆಗಾಲದ ಕಾಡಿನ ಹಳ್ಳ ಅಥವಾ ಝರಿ. ಮೇಲೆ ದಟ್ಟ ಮೋಡ, ಅದರ ಕೆಳಗೆ ಮರಗಳ ಚಪ್ಪರ. ಇಲ್ಲಿ ಬೆಳಕು ಮೊದಲೇ ಕಡಿಮೆ. ಐಎಸ್‌ಒ 100, ಎಫ್/11 ಇಟ್ಟರೆ ಫಿಲ್ಟರ್ ಇಲ್ಲದೆಯೇ 1/4 ಸೆಕೆಂಡ್ ಸಿಗಬಹುದು. ನೀರು ನಯವಾಗಿ ಕಾಣಲು ಅದು ಸಾಕು. ಎನ್‌ಡಿ8 ಹಾಕಿದರೆ 2 ಸೆಕೆಂಡ್. ಇಲ್ಲಿ ಎನ್‌ಡಿ1000 ಹಾಕಿದರೆ ಒಂದು ಫೋಟೋಗೆ 4 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾಯಬೇಕು. ಅಷ್ಟರಲ್ಲಿ ಲೆನ್ಸಿನ ಮೇಲೆ ಹನಿ ಕೂರುತ್ತದೆ, ಗಾಳಿಗೆ ಎಲೆಗಳೆಲ್ಲ ಅಲುಗಾಡಿ ಹಸಿರು ಕಲಸಿದಂತಾಗುತ್ತದೆ, ನಿಮ್ಮ ಕಾಲಿಗೆ ಇಂಬಳ ಹತ್ತಿರುತ್ತದೆ.

ಎರಡನೆಯದು, ಮಳೆ ಬಿಟ್ಟ ಮೇಲಿನ ಜಲಪಾತ, ಮೋಡ ಸರಿದು ಬಯಲು ಬೆಳಕು ಬಿದ್ದಿರುವಾಗ. ಇಲ್ಲಿ 1/60 ಸೆಕೆಂಡ್ ಆಸುಪಾಸು ಇದ್ದರೆ ಎನ್‌ಡಿ64 ಒಳ್ಳೆಯ ಆಯ್ಕೆ. ಜಲಪಾತಕ್ಕೆ 1/4ರಿಂದ 1 ಸೆಕೆಂಡ್ ಸಾಮಾನ್ಯವಾಗಿ ಹಿತವಾದ ಅಳತೆ. ನೀರಿನ ಎಳೆಗಳು ಕಾಣುತ್ತವೆ, ನಯವೂ ಬರುತ್ತದೆ. 16 ಸೆಕೆಂಡ್ ಕೊಟ್ಟರೆ ಎಳೆಗಳೆಲ್ಲ ಅಳಿಸಿಹೋಗಿ ಬರೀ ಸುಣ್ಣ ಬಳಿದಂತೆ ಕಾಣುವ ಸಾಧ್ಯತೆಯಿದೆ.

ಮೂರನೆಯದು, ಅಗಲವಾದ ನೀರು. ನರಸಿಂಹರಾಜಪುರದ ಭದ್ರಾ ಹಿನ್ನೀರು, ಕೊಪ್ಪ ತಾಲ್ಲೂಕಿನ ಹರಿಹರಪುರದ ತುಂಗಾ ತೀರ ಇದಕ್ಕೆ ಉದಾಹರಣೆ. ಇಲ್ಲಿ ಸಣ್ಣ ಅಲೆಗಳು ಅಳಿದು ನೀರು ಕನ್ನಡಿಯಂತಾಗಲು ಹಲವು ಸೆಕೆಂಡ್ ಬೇಕು. ಎನ್‌ಡಿ1000 ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಕಡೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ 1/15 ಸೆಕೆಂಡ್ ಇದ್ದರೆ ಈ ಫಿಲ್ಟರ್ ಅದನ್ನು ಒಂದು ನಿಮಿಷಕ್ಕೆ ಏರಿಸುತ್ತದೆ. ನೆತ್ತಿಯ ಬಿಸಿಲಿನಲ್ಲಿ ಎಫ್/11ಕ್ಕೆ 1/200 ಸೆಕೆಂಡ್ ಇದ್ದರೆ ಇದೇ ಫಿಲ್ಟರ್ ಕೊಡುವುದು 5 ಸೆಕೆಂಡ್ ಮಾತ್ರ.

ಶೃಂಗೇರಿಯಲ್ಲಿ 14ನೇ ಶತಮಾನದ ವಿದ್ಯಾಶಂಕರ ದೇವಾಲಯದಂಥ ಕಲ್ಲಿನ ಕಟ್ಟಡದ ಮುಂದೆಯೂ ಇದೇ ತತ್ವ ಕೆಲಸ ಮಾಡುತ್ತದೆ. ಅರ್ಧ ನಿಮಿಷಕ್ಕಿಂತ ದೀರ್ಘ ಎಕ್ಸ್‌ಪೋಶರ್‌ನಲ್ಲಿ ನಡೆದಾಡುವ ಜನ ಹೆಚ್ಚುಕಡಿಮೆ ಮಾಯವಾಗುತ್ತಾರೆ, ಕಲ್ಲು ಉಳಿಯುತ್ತದೆ. "ಜನರೇ ಇಲ್ಲದ ಫೋಟೋ, ಖಂಡಿತ ಎಡಿಟ್" ಎಂದು ತೀರ್ಪು ಕೊಡುವ ಮುನ್ನ ಇದು ನೆನಪಿರಲಿ. ಅಂದಹಾಗೆ, ದೇವಾಲಯದ ಆವರಣದಲ್ಲಿ ಟ್ರೈಪಾಡ್ ಇಡುವ ಮೊದಲು ಅನುಮತಿ ಕೇಳುವುದು ಮರ್ಯಾದೆ.

ಹಾಗಾದರೆ ಮೊದಲು ಯಾವುದನ್ನು ಕೊಳ್ಳಬೇಕು?

ಮಲೆನಾಡಿನ ಕಾಡು, ಹಳ್ಳ, ಜಲಪಾತ ತೆಗೆಯುವವರಿಗೆ ಮೊದಲ ಖರ್ಚು ಗಟ್ಟಿಯಾದ ಟ್ರೈಪಾಡ್. ಕ್ಯಾಮೆರಾ ಅಲುಗಾಡಿದರೆ ಯಾವ ಫಿಲ್ಟರೂ ಕಾಪಾಡುವುದಿಲ್ಲ. ಎರಡನೆಯದು ಪೋಲರೈಸರ್ ಆಗಬಹುದು. ಒದ್ದೆ ಎಲೆ, ಒದ್ದೆ ಬಂಡೆಯ ಮೇಲಿನ ಹೊಳಪನ್ನು ಅದು ತಗ್ಗಿಸಿ ನಿಜವಾದ ಹಸಿರನ್ನು ತೋರಿಸುತ್ತದೆ, ಜೊತೆಗೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ಕಡಿಮೆ ಮಾಡುತ್ತದೆ. ಮೂರನೆಯದು 6 ಸ್ಟಾಪಿನ ಎನ್‌ಡಿ64. ಹಿನ್ನೀರು, ಕೆರೆ, ಸಮುದ್ರದ ಕಡೆ ಒಲವಿದ್ದರೆ ಮಾತ್ರ ಎನ್‌ಡಿ1000.

ಒಂದೇ ಫಿಲ್ಟರಿನಲ್ಲಿ ಕಪ್ಪನ್ನು ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿಯೂ ಸಿಗುತ್ತದೆ. ಅದರಲ್ಲಿರುವುದು ಒಂದರ ಮುಂದೊಂದು ತಿರುಗುವ ಎರಡು ಪೋಲರೈಸರ್. ಅನುಕೂಲ ಹೌದು, ಆದರೆ ಅಗಲ ದೃಶ್ಯದ ಲೆನ್ಸಿನಲ್ಲಿ ಪೂರ್ತಿ ತಿರುಗಿಸಿದರೆ ಫೋಟೋದ ಅಡ್ಡಲಾಗಿ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತದೆ.

ಅಗ್ಗದ, ತುಂಬಾ ಕಪ್ಪಾದ ಫಿಲ್ಟರ್‌ಗಳು ಕೆಲವೊಮ್ಮೆ ಫೋಟೋಗೆ ನೀಲಿ ಅಥವಾ ಕಂದು ಛಾಯೆ ಕೊಡುತ್ತವೆ. ವೆಲ್ಡಿಂಗ್ ಗಾಜು ಅಂಟಿಸಿದರೆ ಇಡೀ ಫೋಟೋ ಹಸಿರಾಗುತ್ತದೆ. ಅಳತೆಯ ವಿಷಯಕ್ಕೆ ಬಂದರೆ, ನಿಮ್ಮ ಲೆನ್ಸುಗಳಲ್ಲಿ ದೊಡ್ಡದಕ್ಕೆ ಹೊಂದುವ ಒಂದೇ ಫಿಲ್ಟರ್ ಕೊಂಡು, ಚಿಕ್ಕ ಲೆನ್ಸಿಗೆ ಸ್ಟೆಪ್ ಅಪ್ ರಿಂಗ್ ಹಾಕಿಕೊಂಡರೆ ದುಡ್ಡು ಉಳಿಯುತ್ತದೆ.

ಬಳಸುವಾಗ ಒಂದು ಕಿವಿಮಾತು: 10 ಸ್ಟಾಪಿನ ಫಿಲ್ಟರ್ ಹಾಕಿದ ಮೇಲೆ ಕ್ಯಾಮೆರಾಗೆ ಫೋಕಸ್ ಮಾಡುವುದು ಕಷ್ಟ. ಮೊದಲು ಫೋಕಸ್ ಮಾಡಿ, ಅದನ್ನು ಮ್ಯಾನ್ಯುಯಲ್‌ಗೆ ಬದಲಿಸಿ, ಆಮೇಲೆ ಫಿಲ್ಟರ್ ತಿರುಗಿಸಿ ಹಾಕಿ.

ಮೊಬೈಲಿನಲ್ಲಿ ಸಾಧ್ಯವೇ?

ಸಾಧ್ಯ, ಮತ್ತು ಹೆಚ್ಚಿನವರಿಗೆ ಫಿಲ್ಟರ್ ಬೇಕಾಗುವುದೂ ಇಲ್ಲ. ಬಹುತೇಕ ಮೊಬೈಲ್‌ಗಳಲ್ಲಿ ಲೆನ್ಸಿನ ಕಿಂಡಿ ಬದಲಾಗುವುದಿಲ್ಲ, ಸಾಮಾನ್ಯವಾಗಿ ಎಫ್/1.8ರಷ್ಟು ಅಗಲವಾಗಿಯೇ ಇರುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಶಟರ್ 1/4000 ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತದೆ. ಅದನ್ನು 1/4 ಸೆಕೆಂಡಿಗೆ ತರಲೂ ಎನ್‌ಡಿ1000 ಬೇಕು.

ಮೊಬೈಲ್‌ಗಳು ಬೇರೆ ದಾರಿ ಹಿಡಿದಿವೆ. ಒಂದರ ಹಿಂದೊಂದು ಹತ್ತಾರು ಫೋಟೋ ತೆಗೆದು, ಸಾಫ್ಟ್‌ವೇರ್ ಮೂಲಕ ಬೆರೆಸಿ ಅದೇ ಪರಿಣಾಮ ತರುತ್ತವೆ. ಐಫೋನಿನ ಲೈವ್ ಫೋಟೋಗೆ 2017ರಲ್ಲಿ ಬಂದ ಲಾಂಗ್ ಎಕ್ಸ್‌ಪೋಶರ್ ಆಯ್ಕೆ ಇಂಥದ್ದೇ. ಹಲವು ಆ್ಯಂಡ್ರಾಯ್ಡ್ ಮೊಬೈಲ್‌ಗಳಲ್ಲೂ ಇದೇ ಬಗೆಯ ಮೋಡ್ ಇದೆ. ಮೊಬೈಲನ್ನು ಅಲುಗಾಡದಂತೆ ಊರಿ ನಿಲ್ಲಿಸಿದರೆ ಸಾಕು. ಕ್ಲಿಪ್ ಮಾಡುವ ಎನ್‌ಡಿ ಫಿಲ್ಟರ್ ಕೊಂಡರೆ ಪ್ರೋ ಮೋಡ್‌ನಲ್ಲೇ ಬಳಸಿ. ಒಂದು ಲೆನ್ಸ್ ಕತ್ತಲಾದದ್ದನ್ನು ಕಂಡು ಕೆಲವು ಮೊಬೈಲ್‌ಗಳು ತಾವಾಗಿಯೇ ಪಕ್ಕದ ಲೆನ್ಸಿಗೆ ಬದಲಾಗುತ್ತವೆ.

ಎನ್‌ಡಿ ಫಿಲ್ಟರ್ ಮೂಲಕ ಗ್ರಹಣ ನೋಡಬಹುದೇ?

ಖಂಡಿತ ಬೇಡ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಕಂಡಿತ್ತು. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮಲ್ಲಿ ಭಾಗಶಃ ಕಾಣಲಿದೆ. ಗ್ರಹಣ ಬಂದಾಗಲೆಲ್ಲ ಎಕ್ಸ್‌ರೇ ಫಿಲಂ, ಕಪ್ಪು ಕನ್ನಡಕ, ಕ್ಯಾಮೆರಾ ಫಿಲ್ಟರ್ ಸಾಕು ಎನ್ನುವ ಸಲಹೆಗಳೂ ಹರಿದಾಡುತ್ತವೆ.

ಲೆಕ್ಕ ನೋಡಿ. ಎನ್‌ಡಿ1000 ಸಾವಿರದಲ್ಲಿ ಒಂದು ಭಾಗ ಬೆಳಕನ್ನು ಬಿಡುತ್ತದೆ. ಸೂರ್ಯನನ್ನು ನೋಡಲೆಂದೇ ಮಾಡಿದ ಫಿಲ್ಟರ್ ಬಿಡುವುದು ಸುಮಾರು ಒಂದು ಲಕ್ಷದಲ್ಲಿ ಒಂದು ಭಾಗ. ಅಂದರೆ ಎನ್‌ಡಿ1000 ಮೂಲಕ ನೂರು ಪಟ್ಟು ಹೆಚ್ಚು ಬೆಳಕು ಕಣ್ಣಿಗೆ ಬರುತ್ತದೆ. ಸಾಲದ್ದಕ್ಕೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಅನೇಕ ಎನ್‌ಡಿ ಫಿಲ್ಟರ್‌ಗಳು ಸರಿಯಾಗಿ ತಡೆಯುವುದಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರಗಳಿಲ್ಲ, ಹಾಗಾಗಿ ಸುಡುವಾಗ ನಮಗೆ ಗೊತ್ತಾಗುವುದೂ ಇಲ್ಲ. ಎರಡು ಎನ್‌ಡಿ ಫಿಲ್ಟರ್ ಜೋಡಿಸಿ ನೋಡುವುದೂ ಬೇಡ. ಐಎಸ್‌ಒ 12312-2 ಮಾನದಂಡದ ಗ್ರಹಣ ಕನ್ನಡಕವೇ ಸರಿ. ಆದರೆ ಆ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ಇಣುಕಬಾರದು.

ಫಾರ್ವರ್ಡ್ ಮಾಡುವ ಮುನ್ನ

ಈಗ ಮೊದಲಿನ ಫೋಟೋಗೆ ಮರಳೋಣ. ಲಾಂಗ್ ಎಕ್ಸ್‌ಪೋಶರ್ ಸುಳ್ಳು ಹೇಳುವುದಿಲ್ಲ, ಆದರೆ ಒಂದು ಮುಖ್ಯ ಸಂಗತಿಯನ್ನು ಮುಚ್ಚಿಡುತ್ತದೆ: ನೀರಿನ ರಭಸ. ಸುಳಿ, ನೊರೆ, ಚಿಮ್ಮುವ ಹನಿ ನೋಡಿಯೇ ನಾವು "ಇಲ್ಲಿ ಇಳಿಯಬಾರದು" ಎಂದು ಅಂದಾಜು ಮಾಡುವುದು. ಹಾಲಿನಂಥ ಫೋಟೋದಲ್ಲಿ ಆ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಎಷ್ಟೋ ಸಲ ನೀರು ಹೆಚ್ಚು ರಭಸವಾಗಿದ್ದಷ್ಟೂ ಫೋಟೋ ಹೆಚ್ಚು ಮೃದುವಾಗಿ ಕಾಣುತ್ತದೆ.

ವಿಜ್ಞಾನದ ಲೆಕ್ಕ ಇನ್ನೂ ಕಠಿಣ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬಂಡೆಯ ಮೇಲೆ ಪಾಚಿ ಇದ್ದರೆ ಹಿಡಿತವೂ ಸಿಗುವುದಿಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಹಳ್ಳ ಏಕಾಏಕಿ ಏರುತ್ತದೆ. ಮಲೆನಾಡಿನವರಿಗೆ ಇದು ಗೊತ್ತು, ಫೋಟೋ ನೋಡಿ ಹೊರಟು ಬಂದವರಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಮುಂದಿನ ಸಲ ಇಂಥ ಫೋಟೋ ಬಂದಾಗ "ನಕಲಿ" ಎಂದು ತಳ್ಳಿಹಾಕಬೇಡಿ, "ಹಾಲಿನ ಹೊಳೆ" ಎಂದು ನಂಬಿಯೂ ಬಿಡಬೇಡಿ. ಹಂಚುವುದಾದರೆ ಜೊತೆಗೆ ಒಂದು ಸಾಲು ಸೇರಿಸಿ: "ಇದು ಲಾಂಗ್ ಎಕ್ಸ್‌ಪೋಶರ್ ಫೋಟೋ. ನೀರು ನಿಜಕ್ಕೂ ರಭಸವಾಗಿರುತ್ತದೆ, ಮಳೆಗಾಲದಲ್ಲಿ ಇಳಿಯಬೇಡಿ." ನೀವೇ ಫೋಟೋ ತೆಗೆಯುವವರಾದರೆ ಟ್ರೈಪಾಡನ್ನು ದಡದಲ್ಲೇ ಊರಿ. ಹೊಳೆಯ ನಡುವಿನ ಬಂಡೆಗೆ ದಾಟಿದರೆ ಮಾತ್ರ ಸಿಗುವ ಫೋಟೋ ಆದರೆ, ಅದು ಬೇಸಿಗೆಯವರೆಗೆ ಕಾಯಲಿ.